ಅಟ್ಟದ ಕೆಳಗಿನ ಕೆಂಪು ಪಟ್ಟಿ

ನೆರೆಹಾನಿ ನೋಡಲು ಸಾಹೇಬರು ಬರುತ್ತಾರೆ ಎಂದು ಚಾವಡಿಯಿಂದ ಸುದ್ದಿ ಬಂದ ದಿನವೇ ಕೆಳಗಿನ ಓಣಿಯ ಹೆಂಗಸರೆಲ್ಲ ಸುಣ್ಣ ಕಲಸಲು ಕೂತರು. ಮಾಡಿರೆಂದು ಯಾರೂ ಹೇಳಲಿಲ್ಲ, ಬೇಡವೆಂದೂ ಯಾರೂ ಹೇಳಲಿಲ್ಲ. ಮನೆಗೆ ಯಾರಾದರೂ ಬರುತ್ತಾರೆಂದರೆ ಗೋಡೆ ಸಾರಿಸಬೇಕು, ಹೊಸ್ತಿಲು ತೊಳೆಯಬೇಕು, ಅಂಗಳದಲ್ಲಿ ರಂಗೋಲಿ ಇರಬೇಕು. ಬನವಾಸಿ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ. ಬರುವವರು ಬೀಗರೋ, ಮಠದ ಅಯ್ಯನವರೋ, ಹಾಳಾದ ಮನೆಗಳನ್ನು ಬರೆದುಕೊಳ್ಳಲು ಬರುವ ಸರ್ಕಾರದವರೋ ಎಂದು ಯೋಚಿಸುವಷ್ಟು ಪುರಸೊತ್ತು ಯಾರಿಗಿತ್ತು?

ಸಿದ್ದವ್ವನಂತೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೆಳಗಿನಿಂದ ನಿಂತೇ ಇದ್ದಳು. ನೆರೆ ಇಳಿದಾಗ ನಡುಮನೆಯ ಗೋಡೆ ಸೊಂಟದ ಮಟ್ಟದಿಂದ ಕೆಳಗೆ ಮಣ್ಣುಮಣ್ಣಾಗಿ ಉದುರಿಬಿದ್ದಿತ್ತು. ಅಲ್ಲಿಗೆ ಹೊಸ ಮಣ್ಣು ಮೆತ್ತಿ, ಸೆಗಣಿ ಸಾರಿಸಿ, ಈಗ ಮೇಲಿಂದ ಸುಣ್ಣ ಬಳಿಯುತ್ತಿದ್ದಳು. ಅವಳ ಅತ್ತೆ ಮುರಿಗೆವ್ವ ಒಂದು ಕೆಲಸವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅಟ್ಟದ ತೊಲೆಯ ಕೆಳಗೆ ಗೋಡೆಯುದ್ದಕ್ಕೂ ಅಂಗೈ ಅಗಲದ ಕೆಮ್ಮಣ್ಣಿನ ಪಟ್ಟಿ ಎಳೆಯುವುದು. ಪ್ರತಿ ವರ್ಷವೂ ಅದನ್ನು ಎಳೆಯುವವಳು ಅವಳೇ. ಅರವತ್ತು ದಾಟಿದ ಮುದುಕಿ ಮಂಚದ ಮೇಲೆ ಕಾಲ್ಮಣೆ ಇಟ್ಟು, ಅದರ ಮೇಲೆ ಹತ್ತಿ ನಿಂತಿದ್ದಳು.

"ಅತ್ತಿ, ಬಿದ್ದೀರಿ, ಇಳೀರಿ. ನಾ ಎಳೀತೇನಿ."

"ನಿನ್ನ ಕೈ ಡೊಂಕು."

"ಈ ವರ್ಷ ಪಟ್ಟಿ ಇಲ್ಲದಿದ್ರ ಏನಾಕ್ಕೇತ್ರಿ?"

"ಬಾಯಿ ಮುಚ್ಚು, ಸುಣ್ಣ ಬೀಳತೈತಿ."

ಸಿದ್ದವ್ವ ಬಾಯಿ ಮುಚ್ಚಿದಳು. ಆದರೆ ಹೊಟ್ಟೆಯೊಳಗಿನ ಸಿಟ್ಟು ಮುಚ್ಚಿರಲಿಲ್ಲ. ಅದಕ್ಕೆ ಕಾರಣ ನೆರೆ ಬಂದ ದಿನದ್ದು.

ಆ ವರ್ಷ ಆಷಾಢದಲ್ಲಿ ಸಮುದ್ರದ ಮೇಲೆ ಎದ್ದ ಬಿರುಗಾಳಿ ಕರಾವಳಿಯ ಊರುಗಳನ್ನು ಬಡಿದು ಘಟ್ಟ ಹತ್ತಿ ಬಂದಿತ್ತು. ಅರಬೈಲ್ ಘಟ್ಟದಲ್ಲಿ ರಸ್ತೆ ಜರಿದು ಬಸ್ಸು ನಿಂತುಹೋಯಿತು. ಇತ್ತ ವರದಾ ಹೊಳೆ ಒಂದೇ ಸಂಜೆಗೆ ದಂಡೆ ಮೀರಿ ಓಣಿಗೆ ನುಗ್ಗಿತು. ಜನ ದನ ಬಿಚ್ಚಿಕೊಂಡು, ಮಕ್ಕಳನ್ನು ಎತ್ತಿಕೊಂಡು ಊರ ಪಕ್ಕದ ದಿಬ್ಬಕ್ಕೆ ಓಡಿದರು. ಸಿದ್ದವ್ವನೂ ನಾಲ್ಕು ವರ್ಷದ ಮಗಳು ಪಾರವ್ವನನ್ನು ಕಂಕುಳಿಗೇರಿಸಿ ಹೊರಟಿದ್ದಳು. ಮುರಿಗೆವ್ವ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. "ಕೂಸಿನ್ನ ತಗೊಂಡು ದಿಬ್ಬಕ್ಕ ಹೋಗಾಕ ನಾ ಬಿಡೂದಿಲ್ಲ. ಅಟ್ಟ ಹತ್ತು" ಎಂದಳು. ಸಿದ್ದವ್ವನ ಗಂಡ ಅಂದಾನಪ್ಪ, ಮೈದುನ ಶಿವಪುತ್ರಪ್ಪ ಇಬ್ಬರೂ ದನ ಹೊಡೆದುಕೊಂಡು ಹೋಗಿಯಾಗಿತ್ತು. ನಡುಮನೆಯಲ್ಲಿ ಸೊಂಟಮಟ ನೀರು ಸುತ್ತುತ್ತಿದ್ದರೆ ಮೇಲೆ ಅಟ್ಟದಲ್ಲಿ ಅತ್ತೆ, ಸೊಸೆ, ಕೂಸು ಇಲಿಗಳ ಜೊತೆ ಬೆಳಗು ಮಾಡಿದರು. ದಿಬ್ಬಕ್ಕೆ ಹೋದವರ ಕಾಲಿಗೆ ನೀರೂ ತಾಗಲಿಲ್ಲ. ಪಾರವ್ವನಿಗೆ ಅಂದು ಹಿಡಿದ ಕೆಮ್ಮು ಶ್ರಾವಣ ಬಂದರೂ ಬಿಟ್ಟಿರಲಿಲ್ಲ.

ಸಿದ್ದವ್ವನಿಗೆ ಈಗ ಬೇಕಾಗಿದ್ದುದು ಒಂದೇ. ಮುಂದಿನ ಮಳೆ ಹಿಡಿಯುವ ಮೊದಲು ಮಗಳನ್ನು ಈ ಓಣಿಯಿಂದ ಮೇಲಕ್ಕೆ ಕರೆದೊಯ್ಯಬೇಕು. ಅದಕ್ಕೆ ದಾರಿಯೂ ಕಂಡಿತ್ತು. ಸೊಂಟದ ಮಟ್ಟಕ್ಕೆ ನೀರು ಹೊಕ್ಕ ಮನೆಯವರಿಗೆ ಎತ್ತರದಲ್ಲಿ ಜಾಗ, ಮರಮಟ್ಟು, ಹೆಂಚು ಕೊಡುವುದೆಂದು ಸರ್ಕಾರ ಯೋಜನೆ ಮಾಡಿತ್ತು. ಅದು ಸಮುದ್ರದಂಡೆಯ ಊರುಗಳಿಗೆಂದು ಮಾಡಿದ್ದು. ಘಟ್ಟದ ಮೇಲೂ ನೆರೆ ಬಂದಿದೆ ಎಂದು ತಡವಾಗಿ ತಿಳಿದು, ಅದನ್ನೇ ಇಲ್ಲಿಗೂ ತಂದು ಹೊದಿಸಿದ್ದರು. ದಿಬ್ಬದ ಮೇಲೆ ಜಾಗ ಅಳೆದು ಕಲ್ಲು ನೆಡುವುದೂ ಆಗಿತ್ತು.

ಸಾಹೇಬರು ಬಂದರು. ಹೆಸರು ರಘುಪತಿ, ಕುಮಟೆ ಕಡೆಯವರು, ಒಳ್ಳೆಯ ಮನುಷ್ಯ. ಒಂದು ತಿಂಗಳಿಂದ ಹೊಳೆಬಾಯಿಯ ಊರುಗಳನ್ನು ಸುತ್ತಿ ಸುತ್ತಿ ಅವರ ತಲೆಯೊಳಗೆ ಉಪ್ಪುನೀರೇ ತುಂಬಿಕೊಂಡಿತ್ತು. ಅಂದಾನಪ್ಪನ ಕಟ್ಟೆಯ ಮೇಲೆ ಕೂತು ಕೇಳಿದರು.

"ನಿಮ್ಮದು ಎಷ್ಟು ದೋಣಿ ಹೋಯಿತು?"

"ದೋಣಿ ಇಲ್ರಿ ಸಾಹೇಬ್ರ."

"ಬಲೆ?"

"ಬಲಿ ತಗೊಂಡು ನಾವೇನ್ ಮಾಡೂಣ್ರಿ? ನಾವು ಲಿಂಗವಂತ್ರು."

"ಅಲ್ಲ ಮಾರಾಯ್ರೆ, ಕೇಳಬೇಕು ಅಂತ ಉಂಟು, ಕೇಳಿದೆ" ಎಂದು ಸಾಹೇಬರು ನಕ್ಕರು. ಬೆಲ್ಲದ ಚಹಾ ಕುಡಿದರು. ಎದ್ದು ನಡುಮನೆಯನ್ನು ನೋಡಿದರು. ಬೆಳ್ಳಗೆ ಹೊಳೆಯುವ ಗೋಡೆ, ಮೇಲೆ ಕೆಂಪು ಪಟ್ಟಿ, ಕೆಳಗೆ ಸಾರಿಸಿದ ನೆಲ. "ಮನೆ ಬಹಳ ಚೆಂದ ಇಟ್ಟುಕೊಂಡಿದ್ದೀರಿ" ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ಸಿದ್ದವ್ವ ಈ ಮಾತಿಗೆ ಹಿಗ್ಗಿದಳು. ಓಣಿಯ ಎಲ್ಲ ಮನೆಗಳಲ್ಲೂ ಸಾಹೇಬರು ಇದೇ ಮಾತು ಹೇಳಿದರು, ಎಲ್ಲ ಹೆಂಗಸರೂ ಹಿಗ್ಗಿದರು.

ಕೊನೆಯ ಮನೆ ಚೌಡನದು. ಅವನೂ ಹೆಂಡತಿ ಸುಬ್ಬಿಯೂ ನೆರೆ ಇಳಿದ ಕೂಡಲೇ ಅವಳ ತವರು ನಂದೊಳ್ಳಿಗೆ ಹೋಗಿ, ಹಿಂದಿನ ದಿನವಷ್ಟೇ ತಿರುಗಿ ಬಂದಿದ್ದರು. ಗೋಡೆ ಬಿದ್ದಹಾಗೇ ಇತ್ತು, ಉಳಿದ ಕಡೆ ಸೊಂಟಮಟ ರಾಡಿಯ ಗೆರೆ. ಸುಬ್ಬಿ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಸಾಹೇಬರು ತಮ್ಮ ಅಳತೆಯ ಕೋಲನ್ನು ಗೋಡೆಗೆ ಆನಿಸಿ ನೋಡಿದರು, ಬರೆದುಕೊಂಡರು, ಹೋದರು.

ವಾರ ಕಳೆದ ಮೇಲೆ ಊರಿನ ಕಂದಾಯದ ಲೆಕ್ಕ ಬರೆಯುವ ತಲಾಟಿ ಚಾವಡಿಯಲ್ಲಿ ಹೇಳಿದ. ಕೆಳಗಿನ ಓಣಿಯಿಂದ ದಿಬ್ಬದ ಜಾಗ ಚೌಡನಿಗೆ ಮಾತ್ರ. ಉಳಿದ ಮನೆಗಳ ಗೋಡೆಯ ಮೇಲೆ ನೀರಿನ ಗುರುತು ಇಲ್ಲ, ಹಾನಿಯಾಗಿಲ್ಲ.

ಅಂದು ಮಧ್ಯಾಹ್ನ ಅಂದಾನಪ್ಪನ ಮನೆಯಲ್ಲಿ ಊಟಕ್ಕಿಂತ ಹೆಚ್ಚು ಮಾತು ಬಡಿಸಲಾಯಿತು. ತಾಟಿನಲ್ಲಿದ್ದುದು ನೆರೆಯಲ್ಲಿ ನೆನೆದು ಒಣಗಿದ ಭತ್ತದ ಅನ್ನ. ಎಷ್ಟು ಬಸಿದರೂ ಅದರ ಮುಗ್ಗಲು ವಾಸನೆ ಹೋಗುತ್ತಿರಲಿಲ್ಲ. ಮೇಲೆ ಹುರುಳಿಯ ಸಾರು.

"ಸುಣ್ಣ ಹಚ್ಚೂ ತೀಟಿ ಯಾರಿಗಿತ್ತು?" ಎಂದ ಅಂದಾನಪ್ಪ.

"ನೀವು ಕಟ್ಟಿ ಮ್ಯಾಲೆ ಕುಂತು ನೋಡಾಕ ಹತ್ತಿದ್ರಲ್ಲ, ಬ್ಯಾಡ ಅನ್ನಬೇಕಿತ್ತು" ಎಂದಳು ಸಿದ್ದವ್ವ. "ಸುಣ್ಣದ ಕಲ್ಲು ತಂದು ಕೊಟ್ಟವ್ರು ಯಾರು?"

"ತಾ ಅಂದಿ, ತಂದೆ."

"ಸಾಹೇಬ್ರ ಮುಂದ ಬಾಯಿ ಬಿಟ್ಟು ಹೇಳಬೇಕಿತ್ತು, ಸೊಂಟಮಟ ನೀರ ಬಂದಿತ್ತಂತ. ದೋಣಿ ಇಲ್ಲ, ಬಲಿ ಇಲ್ಲ ಅಂತ ಅಷ್ಟ ಹೇಳಿ ಚಹಾ ಕುಡಿಸಿ ಕಳಿಸಿದ್ರಿ."

"ಅವ್ರು ಕೇಳಲಿಲ್ಲ!"

ಶಿವಪುತ್ರಪ್ಪ ಮುಲ್ಕಿ ಪರೀಕ್ಷೆ ಪಾಸಾದವ, ಸರ್ಕಾರದ ವಿಷಯವೆಲ್ಲ ತನ್ನದೇ ಎಂದು ತಿಳಿದವ. "ಅರ್ಜಿ ಕೊಡೂಣು. ನಾ ನಾಳೆ ಶಿರಸಿಗೆ ಹೋಗ್ತೇನಿ. ಮನಿ ಮನಿಗೆ ಬಂದು ಮತ್ತ ನೋಡ್ರಿ ಅಂತೇನಿ" ಎಂದ.

"ಯಾವ ಮಾಮಲೇದಾರನೂ ಬರೂದು ಬ್ಯಾಡ" ಎಂದಳು ಮುರಿಗೆವ್ವ. ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿದ್ದರೂ ಅವಳಿಗೆ ಅಧಿಕಾರಿಗಳೆಲ್ಲ ಮಾಮಲೇದಾರರೇ. "ಈ ಮನಿ ಬೀಳೂದಿಲ್ಲ. ಅಟ್ಟ ಗಟ್ಟಿ ಐತಿ. ದಿಬ್ಬಕ್ಕ ಯಾರೂ ಹೋಗೂದು ಬ್ಯಾಡ."

"ದಿಬ್ಬ ಬ್ಯಾಡಂದ್ರ ಮ್ಯಾಲಿನ ಹೊಲದಾಗ ಕಟ್ಟೂಣೇನು?" ಎಂದು ಶಿವಪುತ್ರಪ್ಪ ಚೇಷ್ಟೆಗೆ ಕೇಳಿದ. ಮೇಲಿನ ಹೊಲ ದಿಬ್ಬಕ್ಕಿಂತಲೂ ಆಚೆ, ಶಿರಸಿ ರಸ್ತೆಯ ಮಗ್ಗುಲಿಗೆ ಏರಿನಲ್ಲಿತ್ತು. ಅಪ್ಪನನ್ನು ಮಣ್ಣು ಮಾಡಿದ್ದು ಅಲ್ಲಿ. ಸತ್ತವರು ಮಲಗಿದ ಹೊಲದಲ್ಲಿ ಯಾರೂ ಮನೆ ಕಟ್ಟುವುದಿಲ್ಲವಾದ್ದರಿಂದ ಅದು ಚೇಷ್ಟೆಯ ಮಾತೇ ಆಗಿತ್ತು.

ಮುರಿಗೆವ್ವ ತಾಟನ್ನು ಸರಿಸಿ ಎದ್ದು ಹಿತ್ತಿಲಿಗೆ ಹೋದಳು. ಅನ್ನ ಅರ್ಧ ಹಾಗೆಯೇ ಇತ್ತು.

"ನೋಡು, ಅಪ್ಪನ ಹೆಸರು ತೆಗದು ಅವ್ವಗ ನೋವು ಮಾಡಿದಿ" ಎಂದು ಅಂದಾನಪ್ಪ ತಮ್ಮನನ್ನು ಬೈದ.

ಅಲ್ಲಿಂದ ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಯಾರಿಗೆ ಏನು ಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಶಿವಪುತ್ರಪ್ಪ ಶಿರಸಿಗೆ ಹೋಗಿ ಬಂದು, ಅರ್ಜಿ ತಗೊಂಡಿದ್ದಾರೆ ಎಂದ. ಮತ್ತೆ ಹೋಗಿ ಬಂದು, ಸಿದ್ದಾಪುರ ಯಲ್ಲಾಪುರದ ಕಡೆಯಿಂದಲೂ ಅರ್ಜಿ ಬಂದಿವೆ, ಎಲ್ಲ ಸೇರಿಸಿ ಹೊಸ ಯೋಜನೆ ಮಾಡುತ್ತಾರಂತೆ ಎಂದ. ಇನ್ನೊಂದು ಸಲ ಬಂದಾಗ, ಹಳೆಯ ಯೋಜನೆಯೇ ನಿಂತುಹೋಗಿದೆಯಂತೆ ಎಂದ. ಅದರ ಮರುದಿನ ತಲಾಟಿ ಬಂದು ಯಾವುದೂ ನಿಂತಿಲ್ಲ ಎಂದು ಹೇಳಿಹೋದ.

ಅಂದಾನಪ್ಪ ಮೊದಲು ದಿಬ್ಬಕ್ಕೆ ಹೋಗುವವನಿದ್ದ. ಗಣೇಶ ಚೌತಿಯ ಹೊತ್ತಿಗೆ, ಹೊಲ ಇರುವುದು ಹೊಳೆಯ ಪಕ್ಕ, ಎತ್ತು ಕಟ್ಟುವುದು ದಿಬ್ಬದಲ್ಲಾದರೆ ಕೆಲಸ ಹೇಗೆ ಎಂದು ಹಿಂದೆಗೆದ. ಚೌಡ ದಿಬ್ಬದ ಮೇಲೆ ಗೋಡೆ ಎತ್ತತೊಡಗಿದ್ದನ್ನು ಕಂಡು ಮತ್ತೆ ಹೊರಟು ನಿಂತ. ಶಿವಪುತ್ರಪ್ಪ ಎಲ್ಲರ ಮಾತಿಗೂ ಹೌದೆನ್ನುತ್ತಿದ್ದ. ಮುರಿಗೆವ್ವ, ನಾವು ಇಲ್ಲೇ ಇರುತ್ತೇವೆ ಎಂದು ಮಗ ಹೇಳಿದ ದಿನವೂ ಸಮಾಧಾನಗೊಳ್ಳಲಿಲ್ಲ. ಹೊಳೆಯ ಕಡೆ ನೋಡುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಇಲ್ಲೇ ಇರಬೇಕೆನ್ನುವವಳು ಹೊಳೆಗೆ ಯಾಕೆ ಹೆದರಬೇಕು ಎಂದು ಸಿದ್ದವ್ವನಿಗೆ ಬಗೆಹರಿಯಲಿಲ್ಲ.

ಚೌಡನ ಪಾಡೂ ಬೇರೆ ಇರಲಿಲ್ಲ. ಸಂಜೆ ಬಂದು ಕಟ್ಟೆಯ ತುದಿಗೆ ಕೂರುತ್ತಿದ್ದ.

"ಅಂದಾನಪ್ಪಣ್ಣಾ, ನಾ ಒಬ್ನ ದಿಬ್ಬದ ಮ್ಯಾಲೆ ಏನ್ ಮಾಡ್ಲಿ? ಸುಬ್ಬಿ ಅಳತಾಳ. ಅಲ್ಲಿ ಬೆಂಕಿ ಕೇಳಾಕ ಒಂದು ಮನಿ ಇಲ್ಲ ಅಂತಾಳ."

"ನಮ್ಮನ್ನ ನೋಡಿ ಹೊಟ್ಟಿ ಉರಸಬ್ಯಾಡ ಚೌಡ, ಎದ್ದು ಹೋಗು" ಎಂದು ಸಿದ್ದವ್ವ ಒಳಗಿನಿಂದಲೇ ಕೂಗಿದಳು. ಆಮೇಲೆ ತಾನೇ ಬಂದು ಅವನಿಗೆ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿ ಕೊಟ್ಟಳು.

ಮಹಾನವಮಿ ಕಳೆದ ಮೇಲೆ ಒಂದು ಬೆಳಿಗ್ಗೆ ಸಿದ್ದವ್ವ ರೊಟ್ಟಿ ತಟ್ಟುತ್ತ ಗಂಡನಿಗೆ ಹೇಳಿದಳು.

"ಬರೂ ವರ್ಷ ಮಿರಗದ ಮಳಿ ಬೀಳೂದ್ರೊಳಗ ನೀವು ಈ ಓಣಿ ಬಿಡದಿದ್ರ ನಾ ಪಾರವ್ವನ್ನ ಕರಕೊಂಡು ಹಾನಗಲ್ಲಿಗೆ ಹೋಗ್ತೇನಿ. ಅಪ್ಪನ ಮನ್ಯಾಗ ಕಸ ಹೊಡಕೊಂಡು ಇರ್ತೇನಿ. ತಿರುಗಿ ಬರೂದಿಲ್ಲ."

ಅಂದಾನಪ್ಪ ರೊಟ್ಟಿ ಮುರಿದವನು ಹಾಗೇ ಹಿಡಿದುಕೊಂಡ. ಹೆಂಡತಿ ಸಿಟ್ಟಿನಲ್ಲಿ ಹೇಳುವ ಮಾತು, ಹಾಗಲ್ಲದೆ ಹೇಳುವ ಮಾತು ಎರಡೂ ಅವನಿಗೆ ಗೊತ್ತಿದ್ದವು. ಇದು ಎರಡನೆಯದು.

"ಅವ್ವನ್ನ ಬಿಟ್ಟು ನಾ ಹೆಂಗ ಬರ್ಲಿ?"

"ಬರಬ್ಯಾಡ್ರಿ. ಕೂಸು ನನ್ನ ಕೂಡ ಬರ್ತೈತಿ, ಅಷ್ಟ."

ಒಲೆಯ ಆಚೆ ಪಾರವ್ವ ಕೆಮ್ಮಿದಳು. ಮುರಿಗೆವ್ವ ಕೇಳಿಸಿಕೊಂಡಳು. ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಬೆನ್ನು ಸವರುತ್ತ ಕೂತಳು.

ಅದೇ ವಾರ ಶಿವಪುತ್ರಪ್ಪ ಓಡಿಕೊಂಡು ಬಂದ. ಸಾಹೇಬರು ಮತ್ತೆ ಬರುತ್ತಾರೆ! ಅರ್ಜಿ ಕೊಟ್ಟವರು ಗೋಡೆಯ ಮೇಲೆ ನೀರಿನ ಗುರುತು ತೋರಿಸಬೇಕು. ಗುರುತು ಇಲ್ಲದಿದ್ದರೆ ಜಾಗ ಇಲ್ಲ.

"ಗುರುತು ಎಲ್ಲಿಂದ ತರೂಣು?" ಎಂದ ಅಂದಾನಪ್ಪ.

"ಹೊಳಿ ರಾಡಿ ತಂದು ನಾವ ಒಂದು ಗೆರಿ ಎಳದ್ರಾತು."

"ಥೂ, ಸುಳ್ಳ ಗುರುತು!"

"ನೀರ ಬಂದದ್ದು ಖರೇನೋ ಸುಳ್ಳೋ?"

"ಖರೇನ."

"ಮತ್ತ ಗೆರಿ ಹೆಂಗ ಸುಳ್ಳಾಕ್ಕೇತಿ?"

ಅಂದಾನಪ್ಪ ತಲೆ ಕೆರೆದುಕೊಂಡ. ಖರೆ ಬಂದ ನೀರಿಗೆ ಸುಳ್ಳು ಗೆರೆ ಎಳೆದರೆ ಅದು ಖರೆಯೋ ಸುಳ್ಳೋ ಎಂಬುದು ಅವನಿಗೆ ಎರಡು ದಿನವಾದರೂ ತಿಳಿಯಲಿಲ್ಲ. ಓಣಿಯ ಉಳಿದವರಿಗೆ ಅಷ್ಟು ಯೋಚನೆ ಇರಲಿಲ್ಲ. ಗಂಡಸರು ಬುಟ್ಟಿ ಹಿಡಿದು ಹೊಳೆಗೆ ಹೋಗಿ ರಾಡಿ ತಂದು, ತಮ್ಮತಮ್ಮ ಮನೆಯಲ್ಲಿ ಮನಸ್ಸು ಬಂದ ಎತ್ತರಕ್ಕೆ ಗೆರೆ ಎಳೆದರು. ಒಬ್ಬನ ಮನೆಯಲ್ಲಿ ನೀರು ಎದೆಮಟ ಬಂದಿತ್ತು, ಪಕ್ಕದ ಮನೆಯಲ್ಲಿ ಮೊಣಕಾಲಿಗೆ ಇಳಿದಿತ್ತು, ಅದರಾಚೆ ಕಿವಿಗೆ ಏರಿತ್ತು. ವರದಾ ಹೊಳೆ ಮೆಟ್ಟಿಲು ಹತ್ತಿ ಇಳಿದು ಹೋದಂತೆ ಕಾಣುತ್ತಿತ್ತು.

ಸಿದ್ದವ್ವ ಇದನ್ನೆಲ್ಲ ನೋಡಿ ನಗಲೂ ಆಗದೆ ಅಳಲೂ ಆಗದೆ ಮನೆಗೆ ಬಂದಳು. ಗುರುತು ಎಲ್ಲಿಗೂ ಹೋಗಿಲ್ಲ, ತನ್ನ ಕೈಯ ಸುಣ್ಣದ ಕೆಳಗೇ ಇದೆ ಎಂದು ಅವಳಿಗೆ ಆಗ ಹೊಳೆಯಿತು. ಹಳೆಯ ಮಣ್ಣು ಉದುರಿದ ಕಡೆಗೆ ತಾನೇ ಅಲ್ಲವೇ ಹೊಸ ಮಣ್ಣು ಮೆತ್ತಿದ್ದು? ಎರಡೂ ಕೂಡುವ ಕಡೆ ನೀರಿನ ಗೆರೆ ಇರಲೇಬೇಕು. ಸೌದೆ ಸೀಳುವ ಕತ್ತಿಯಿಂದ ಸುಣ್ಣ ಕೆರೆದಳು. ಸೊಂಟದ ಮಟ್ಟದಲ್ಲಿ ಗೆರೆ ಕಂಡಿತು. ಕೆಳಗೆ ಈ ವರ್ಷದ ಕೆಂದು ಮಣ್ಣು, ಮೇಲೆ ಹೊಟ್ಟು ಕಲಸಿದ ಹಳೆಯ ಕರಿಮಣ್ಣು. ಎಷ್ಟು ಸಂತೋಷವಾಯಿತೆಂದರೆ, ಹಳೆಯ ಮಣ್ಣು ಚೆನ್ನಾಗಿ ಕಾಣಲಿ ಎಂದು ಮೇಲಕ್ಕೂ ಕೆರೆಯುತ್ತ ಹೋದಳು. ಮಂಚ ಎಳೆದುಕೊಂಡು ಅದರ ಮೇಲೆ ನಿಂತು, ಅತ್ತೆಯ ಕೆಂಪು ಪಟ್ಟಿಯನ್ನೂ ಒಂದು ಮೊಳ ಕೆರೆದಳು.

ಕೆರೆದ ಪಟ್ಟಿಯ ಅಡಿಯಲ್ಲಿ ಇನ್ನೊಂದು ಗೆರೆ ಇತ್ತು. ಕರಿಮಣ್ಣು ಅಲ್ಲಿಗೆ ಮುಗಿದು, ಅದರ ಮೇಲೆ ಇನ್ನೂ ಹಳೆಯದಾದ ಬೇರೆ ಕೆಮ್ಮಣ್ಣು. ಅಲ್ಲಿಯವರೆಗಿನ ಗೋಡೆಯನ್ನು ಯಾರೋ ಎಂದೋ ಮತ್ತೆ ಮೆತ್ತಿದ್ದರು.

ಹಿಂದೆ ಕೊಡ ಕೆಳಗಿಟ್ಟ ಸದ್ದಾಯಿತು. ಮುರಿಗೆವ್ವ ಬಾಗಿಲಲ್ಲಿ ನಿಂತಿದ್ದಳು.

"ಅದನ್ಯಾಕ ಕೆರದಿ?"

"ಅತ್ತಿ, ಇದು ಯಾವ ನೀರ್ರಿ? ಹೊಳಿ ಎಂದೂ ಮನಿಯೊಳಗ ಬಂದಿಲ್ಲಂತ ಹೇಳತಿದ್ರಲ್ಲ?"

ಮುರಿಗೆವ್ವ ಕೊಡ ಎತ್ತಿಕೊಂಡು ಅಡಿಗೆಮನೆಗೆ ಹೋದಳು.

ಸಾಹೇಬರು ಈ ಸಲ ನೆಲದ ಮಟ್ಟ ಅಳೆಯುವ ಮೂರು ಕಾಲಿನ ದುರ್ಬೀನು ತಂದಿದ್ದರು. ಓಣಿಯ ಮೊದಲ ಮನೆಯ ಗೆರೆ ನೋಡಿದರು, ಎರಡನೆಯದನ್ನು ನೋಡಿದರು, ಮೂರನೆಯದನ್ನು ನೋಡಿ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. "ಎಂತದು ಇದು? ನೀರು ಎಲ್ಲ ಕಡೆ ಒಂದೇ ಮಟ್ಟ ನಿಲ್ಲುತ್ತದೆ ಅಂತ ನಿಮ್ಮ ಹೊಳೆಗೆ ಯಾರೂ ಹೇಳಲಿಲ್ಲವಾ?" ಎಂದರು. ಗಂಡಸರು ಹಿಂದೆ ಹಿಂದೆ ಸರಿದರು.

ಅಂದಾನಪ್ಪನ ಮನೆಯಲ್ಲಿ ಅವರು ಬಹಳ ಹೊತ್ತು ನಿಂತರು. ಸೊಂಟದ ಗೆರೆಗೆ ಕೋಲು ಹಿಡಿದರು, ಚೌಡನ ಮನೆಯ ಗೆರೆಯ ಮಟ್ಟಕ್ಕೆ ಅದು ಸರಿಹೊಂದಿತು. "ಇದು ಖರೆ ಗುರುತು. ನಿಮಗೆ ಜಾಗ ಬರುತ್ತದೆ" ಎಂದರು. ಸಿದ್ದವ್ವನ ಕಣ್ಣಲ್ಲಿ ನೀರು ಬಂತು. ಸಾಹೇಬರ ಕಣ್ಣು ಆಗಲೇ ಮೇಲಕ್ಕೆ ಹೋಗಿತ್ತು. "ಅದು ಯಾವುದು, ಅಟ್ಟದ ಕೆಳಗೆ?"

ಯಾರಿಗೂ ಗೊತ್ತಿರಲಿಲ್ಲ. ಸಾಹೇಬರು ಅಂಗಳದಲ್ಲಿ ದುರ್ಬೀನು ನಿಲ್ಲಿಸಿ, ತೆರೆದ ಬಾಗಿಲಿನಿಂದ ಆ ಮೇಲಿನ ಗೆರೆಯನ್ನು ನೋಡಿದರು. ಅವರ ಜೊತೆಗೆ ಬಂದ ಜವಾನ ಅಳತೆಯ ಕೋಲು ಹಿಡಿದು ದಿಬ್ಬದ ಮೇಲೆ ಚೌಡನ ಹೊಸ ಗೋಡೆಯ ಪಕ್ಕ ನಿಂತ. ದುರ್ಬೀನನ್ನು ಅತ್ತ ತಿರುಗಿಸಿ ನೋಡಿದರು. ಮತ್ತೆ ಬಾಗಿಲ ಕಡೆ, ಮತ್ತೆ ದಿಬ್ಬದ ಕಡೆ.

"ಎಂತ ಮಾರಾಯ್ರೆ!" ಎಂದರು. "ಆ ಗೆರೆವರೆಗೆ ಎಂದಾದರೂ ನೀರು ಬಂದದ್ದು ಹೌದಾದರೆ, ಆ ದಿನ ದಿಬ್ಬದ ಮೇಲೆ ಎದೆಮಟ್ಟ ನೀರು ನಿಂತಿರಬೇಕು."

"ಎದಿಮಟ ಅಲ್ಲ" ಎಂದಳು ಮುರಿಗೆವ್ವ. ಅವಳು ಕಟ್ಟೆಯ ಮೇಲೆ ಗೋಡೆಗೆ ಆತು ಕೂತಿದ್ದಳು. "ಕುತ್ತಿಗಿಮಟ."

ಎಲ್ಲರೂ ಅವಳ ಕಡೆ ತಿರುಗಿದರು.

"ನಾ ನಿಂತಿದ್ದೆ ಅಲ್ಲಿ. ಅಂದು ನಿಂತವ್ರೊಳಗ ಈಗ ಊರಾಗ ಉಳದಾಕಿ ನಾ ಒಬ್ಬಾಕಿ. ಈ ಇಬ್ರೂ ಹುಟ್ಟಿರಲಿಲ್ಲ ಆಗ. ನಮ್ಮತ್ತಿ ಅಟ್ಟ ಹತ್ತು ಅಂದ್ಳು. ನಾ ಕೇಳಲಿಲ್ಲ. ಸಣ್ಣ ವಯಸ್ಸು, ಎಲ್ಲಾರೂ ದಿಬ್ಬಕ್ಕ ಓಡತಾರ, ನಾನೂ ಕೂಸಿನ್ನ ಎತಗೊಂಡು ಓಡಿದೆ. ದಿಬ್ಬದ ಸುತ್ತ ಹೊಳಿ, ಆಮ್ಯಾಲ ದಿಬ್ಬದ ಮ್ಯಾಲೂ ಹೊಳಿ. ಕೂಸಿನ್ನ ತಲಿ ಮ್ಯಾಲೆ ಎತ್ತಿ ಹಿಡದೆ. ಬೆಳಕ ಹರಿಯೂತನಾ ಹಿಡದೆ. ನೀರಾಗ ಬಿಡಲಿಲ್ಲ ನಾ ಅಕಿನ್ನ, ಬಿಡಲೇ ಇಲ್ಲ. ತಂಡಿಗೆ ಕೈಯಾಗ ತಣ್ಣಗಾದ್ಳು."

"ಅಕ್ಕ ಜ್ವರಾ ಬಂದು ಹೋದ್ಳು ಅಂತಿದ್ದೆಲ್ಲ ಅವ್ವಾ" ಎಂದ ಅಂದಾನಪ್ಪ ಮೆಲ್ಲಗೆ.

"ಅಟ್ಟದ ಮ್ಯಾಲಿದ್ದವ್ರು ಎಲ್ಲಾರೂ ಉಳಿದ್ರು" ಎಂದಳು ಮುರಿಗೆವ್ವ, ಅವನಿಗೆ ಉತ್ತರವೆಂಬಂತೆ. "ನಮ್ಮತ್ತಿ ಒಂದು ಮಾತು ಬೈಲಿಲ್ಲ. ಆ ಗೆರಿ ಕಾಣಬಾರದಂತ ಒಂದು ಪಟ್ಟಿ ಎಳದು ಕೊಟ್ಲು ಅಷ್ಟ. ಆಮ್ಯಾಲ ನಾನ ಎಳಕೋತ ಬಂದೆ."

ಚೌಡ ಬೇಲಿಯ ಆಚೆಯಿಂದ ಕೇಳುತ್ತಿದ್ದ. "ಹಂಗಾರ ನಾ ಈಗ ಏನ್ ಮಾಡ್ಲಿ ಸಾಹೇಬ್ರ? ಗ್ವಾಡಿ ಅರ್ಧ ಆಗೇತ್ರಿ" ಎಂದ.

ಸಾಹೇಬರಿಗೇ ಗೊತ್ತಿರಲಿಲ್ಲ. ದಿಬ್ಬದ ಹೊರತು ಬೇರೆ ಜಾಗ ಕೊಡಲು ಅವರಿಗೆ ಬರುವುದಿಲ್ಲ, ದಿಬ್ಬದ ಮೇಲೆ ಕಟ್ಟಿರೆನ್ನಲು ಇನ್ನು ನಾಲಿಗೆ ಬರುವುದಿಲ್ಲ. "ಮೇಲಿನವರಿಗೆ ಬರೆದು ಕೇಳುತ್ತೇನೆ" ಎಂದರು. ಹೋಗುವಾಗ ಚಹಾ ಕುಡಿಯುವುದನ್ನೂ ಮರೆತರು.

ಸಿದ್ದವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಬಾಗಿಲಲ್ಲಿ ಅಡ್ಡ ನಿಂತ ಅತ್ತೆಯನ್ನು ಮೂರು ತಿಂಗಳು ಮನಸ್ಸಿನಲ್ಲಿ ಬೈದಿದ್ದಳು. ಈಗ ಆ ಬೈಗುಳವನ್ನೆಲ್ಲ ಎಲ್ಲಿಡಬೇಕೆಂದು ತಿಳಿಯಲಿಲ್ಲ. ದಿಬ್ಬ ಬೇಡ. ಓಣಿಯಂತೂ ಬೇಡವೇ ಬೇಡ, ಅಟ್ಟ ಒಂದು ಸಲ ಉಳಿಸಿತೆಂದು ಪ್ರತಿ ಸಲವೂ ಉಳಿಸುತ್ತದೆಯೇ? ಉಳಿದದ್ದು ಹಾನಗಲ್ಲಿನ ಬಸ್ಸು. ಅಂದು ಸಂಜೆ ಅವಳು ಮಗಳ ಅಂಗಿಗಳನ್ನು ಮಡಿಚಿ ಚೀಲಕ್ಕೆ ಹಾಕತೊಡಗಿದಳು. ಗಂಡ ನೋಡಿದ, ಬೇಡ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಮುರಿಗೆವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಸಣ್ಣ ತಂಬಿಗೆಯಲ್ಲಿ ಹಾಲು ಹಿಡಿದು ನಿಂತಳು.

"ಚೀಲ ಇಡು. ಪಾರವ್ವನ್ನ ಎತಗೋ. ಹಾರಿ ತಗೊಂಡು ಬಾರೋ ಅಂದಾನಿ."

"ಎಲ್ಲಿಗೆ ಅವ್ವಾ?"

"ಬಾ ಅಂದ್ನಲ್ಲ."

ನಾಲ್ವರೂ ದಿಬ್ಬ ದಾಟಿ, ಶಿರಸಿ ರಸ್ತೆಯ ಮಗ್ಗುಲಿಗೆ ಏರು ಹತ್ತಿ ಮೇಲಿನ ಹೊಲಕ್ಕೆ ಬಂದರು. ಸಿದ್ದವ್ವ ದಾರಿಯುದ್ದಕ್ಕೂ ಮಗಳನ್ನು ಕೆಳಗಿಳಿಸಲಿಲ್ಲ. ನೆರೆ ಬಂದಾಗಿನಿಂದ ಮನೆಯ ಹೊರಗೆ ಅವಳನ್ನು ಎತ್ತಿಕೊಂಡೇ ತಿರುಗುವುದು ರೂಢಿಯಾಗಿಬಿಟ್ಟಿತ್ತು. ಹುಣಸೆಮರದ ಕೆಳಗೆ ಮಾವನ ಗದ್ದುಗೆ ಇತ್ತು. ಅದರ ಪಕ್ಕದಲ್ಲಿ ಒಂದು ಸಣ್ಣ ಕಲ್ಲು. ಗಂಡನ ಗದ್ದುಗೆಗೆ ಹಾಲೆರೆಯುವಾಗ ಮುರಿಗೆವ್ವ ಪ್ರತಿ ಸಲವೂ ಅದರ ಮೇಲೂ ಎರಡು ಹನಿ ಹಾಕುತ್ತಿದ್ದಳು. ಕೈ ನಡುಗಿ ಚೆಲ್ಲುತ್ತದೆ ಎಂದು ಮಕ್ಕಳು ತಿಳಿದಿದ್ದರು.

ಅವಳು ಇಂದು ಮೊದಲು ಸಣ್ಣ ಕಲ್ಲಿಗೇ ಹಾಲು ಹಾಕಿದಳು. ಎದ್ದು, ಮರದಿಂದ ದೂರಕ್ಕೆ, ರಸ್ತೆಯ ಕಡೆಗಿನ ಬಯಲಿಗೆ ನಡೆದು ಕಾಲಿನಿಂದ ನೆಲ ಒತ್ತಿ ತೋರಿಸಿದಳು.

"ಇಲ್ಲಿ ಅಗಿ. ಬಾಗಲಾ ಮರದ ಕಡೆ ಇರ್ಲಿ."

"ಮಂದಿ ಏನಂತಾರ ಅವ್ವಾ? ಸತ್ತವ್ರ ಹೊಲದಾಗ ಮನಿ..."

"ಮಂದಿ ಬಂದು ನಮ್ಮ ಕೂಸಿನ್ನ ಎತ್ತಿ ಹಿಡೀತಾರೇನು? ಅಗಿ ಅಂದ್ನಿ."

ಅಂದಾನಪ್ಪ ಹಾರಿ ಎತ್ತಿದ. ಸಿದ್ದವ್ವ ಕೆಳಗೆ ನೋಡಿದಳು. ದೂರದಲ್ಲಿ ಓಣಿ, ಅದರಾಚೆ ಹೊಳೆ, ನಡುವೆ ಚೌಡನ ಅರ್ಧ ಗೋಡೆ ನಿಂತ ದಿಬ್ಬ. ದಿಬ್ಬವೂ ಸುಳ್ಳಾದ ಮೇಲೆ ಅವಳಿಗೆ ಯಾವ ಎತ್ತರದ ಮೇಲೂ ನಂಬಿಕೆ ಉಳಿದಿರಲಿಲ್ಲ.

"ಅತ್ತಿ, ಹೊಳಿ ಇಲ್ಲಿಗೆ ಬರೂದಿಲ್ಲಂತ ನಿಮಗ ಖಾತ್ರಿ ಐತೇನ್ರಿ?"

ಮುರಿಗೆವ್ವ ಸಣ್ಣ ಕಲ್ಲಿನ ಕಡೆ ನೋಡಿದಳು.

"ಬರೂ ಜಾಗಾ ಆಗಿದ್ರ ಅಕಿನ್ನ ಇಲ್ಲಿ ಇಡತಿದ್ನೇನ?"

ಸಿದ್ದವ್ವ ಪಾರವ್ವನನ್ನು ನೆಲಕ್ಕೆ ಇಳಿಸಿದಳು.